ರಕ್ತ ತೆಗೆಯುವ ಕಾರ್ಯವೂ ಅದರ ಹೊಣೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಟ್ಟ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಹಬ್ಬದ ಸಭೆಯಲ್ಲಿ ಸೂಜಿಯ ಮಾತೇತಕ್ಕೆ ಎಂದು ಕೆಲವರಿಗೆ ತೋರಬಹುದು. ಇದಕ್ಕೆ ಎರಡು ಕಾರಣಗಳುಂಟು. ನಿಲಯದ ಮಕ್ಕಳಲ್ಲಿ ಹಲವರು ಈಗ ಲ್ಯಾಬ್ ಟೆಕ್ನಿಷಿಯನ್ ಶಿಕ್ಷಣವನ್ನು ಪಡೆಯುತ್ತಿರುವರು. ನಾಳೆ ನೂರಾರು ಜನರ ತೋಳನ್ನು ಹಿಡಿಯತಕ್ಕವರು ಅವರೇ. ಇನ್ನು ಎರಡನೆಯದು, ಮಹೋತ್ಸವದ ನಿಮಿತ್ತ ನಡೆಯಲಿರುವ ಉಚಿತ ತಪಾಸಣೆಯ ಶಿಬಿರದಲ್ಲಿ ತೋಳನ್ನು ಚಾಚತಕ್ಕವರು ತಾವೇ. ಆದುದರಿಂದ ತೆಗೆಯುವವರೂ ಕೊಡುವವರೂ ಒಂದೇ ಚಪ್ಪರದ ಕೆಳಗೆ ಕುಳಿತಿರುವಾಗ ಈ ಮಾತನ್ನು ಆಡುವುದು ಸುಲಭವೆಂದು ನಾನು ಭಾವಿಸಿದೆನು.

ಇಂದಿನ ವೈದ್ಯವು ಬಹುಮಟ್ಟಿಗೆ ರಕ್ತಪರೀಕ್ಷೆಯ ಚೀಟಿಯನ್ನು ನಂಬಿ ನಡೆಯತಕ್ಕದ್ದು. ಸಕ್ಕರೆ ಕಾಯಿಲೆಯವರಿಗೆ ಎಷ್ಟು ಇನ್ಸುಲಿನ್ ಕೊಡಬೇಕು, ಮೂತ್ರಪಿಂಡವು ಕೆಟ್ಟಿದೆಯೋ ಇಲ್ಲವೋ, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ಯಾವ ಗುಂಪಿನ ರಕ್ತವನ್ನು ಏರಿಸಬೇಕು, ಇವೆಲ್ಲವನ್ನೂ ಆ ಚೀಟಿಯ ಅಂಕಿಗಳು ನಿರ್ಣಯಿಸುತ್ತವೆ. ಅಂಕಿಗಳು ಬರುವುದು ಯಂತ್ರದಿಂದ. ಯಂತ್ರವೋ ಲಕ್ಷಗಟ್ಟಲೆ ಬೆಲೆಯದು. ಆದುದರಿಂದ ಅದು ಹೇಳಿದ್ದೆಲ್ಲ ಸತ್ಯವೆಂದು ಜನರು ತಿಳಿಯುತ್ತಾರೆ. ಯಂತ್ರವು ತನಗೆ ಕೊಟ್ಟ ರಕ್ತವನ್ನು ಅಳೆಯುವುದೇ ಹೊರತು ಅದು ಯಾರದೆಂದು ಕೇಳುವುದಿಲ್ಲ. ಅದನ್ನು ತೆಗೆದ ಬಗೆ ಸರಿಯೋ ತಪ್ಪೋ ಎಂಬುದನ್ನೂ ಬಹುಮಟ್ಟಿಗೆ ತಿಳಿಯಲಾರದು. ಹಲವು ದೇಶಗಳ ಪರೀಕ್ಷಣಾಲಯಗಳಲ್ಲಿ ತಪ್ಪುಗಳ ಲೆಕ್ಕ ಹಾಕಿ ನೋಡಿದವರು, ಅರ್ಧಕ್ಕಿಂತ ಹೆಚ್ಚಿನ ತಪ್ಪುಗಳು ರಕ್ತವು ಯಂತ್ರವನ್ನು ಮುಟ್ಟುವುದಕ್ಕೆ ಮೊದಲೇ ಆಗಿರುತ್ತವೆಂದು ಕಂಡಿದ್ದಾರೆ. ರೋಗಿಯ ಮಗ್ಗುಲಲ್ಲಿ ಕಳೆಯುವ ಐದು ನಿಮಿಷಗಳಲ್ಲಿ ಕೆಟ್ಟದ್ದನ್ನು ಆಮೇಲೆ ಯಾರೂ ತಿದ್ದಲಾರರು. ನಾನು ಹೇಳಬೇಕೆಂದಿರುವುದು ಆ ಐದು ನಿಮಿಷಗಳ ಸಂಗತಿಯನ್ನೇ.

ಸಿರೆಯನ್ನು ಚುಚ್ಚುವುದು ನಮ್ಮವರಿಗೆ ಹೊಸತೇನಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಸಿರಾವ್ಯಧವೆಂಬ ಒಂದು ಅಧ್ಯಾಯವೇ ಉಂಟು. ಆದರೆ ಅಲ್ಲಿಯ ಉದ್ದೇಶವು ಕೆಟ್ಟ ರಕ್ತವನ್ನು ಹೊರಗೆ ಬಿಡುವುದು. ಇಂದಿನದು ರಕ್ತವನ್ನು ಓದಿ ನೋಡುವುದು. ಫ್ಲೆಬಾಟಮಿಸ್ಟ್ ಎಂಬ ಇಂದಿನ ಹೆಸರೂ ಸಿರೆಯನ್ನು ಕೊಯ್ಯುವವನೆಂಬ ಅರ್ಥದ ಗ್ರೀಕ್ ಪದಗಳಿಂದಲೇ ಬಂದದ್ದು. ತೋಳಿಗೆ ಪಟ್ಟಿ ಕಟ್ಟಿದರೆ ಸಿರೆಯು ಏಕೆ ಉಬ್ಬುವುದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628 ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಯುಕ್ತಿಯಿಂದ ತೋರಿಸಿಕೊಟ್ಟನು: ಸಿರೆಗಳಲ್ಲಿ ರಕ್ತವು ಹೃದಯದ ಕಡೆಗೆ ಮಾತ್ರ ಹರಿಯುತ್ತದೆ, ಒಳಗಿನ ಚಿಕ್ಕ ಕವಾಟಗಳು ಅದನ್ನು ಹಿಂದಕ್ಕೆ ಬಿಡುವುದಿಲ್ಲ, ಆದುದರಿಂದ ಮೇಲೆ ಕಟ್ಟಿದರೆ ಕೆಳಗೆ ತುಂಬುತ್ತದೆ. ಇಂದಿಗೂ ರಬ್ಬರು ಪಟ್ಟಿಯನ್ನು ಕಟ್ಟುವ ಪ್ರತಿಯೊಬ್ಬ ಹುಡುಗನೂ ಹಾರ್ವೆಯ ಪ್ರಯೋಗವನ್ನೇ ಮಾಡುತ್ತಿರುವನು.

ಪ್ರಕೃತಕ್ಕೆ ಬರೋಣ. ಸೂಜಿಯ ಮಾತಿಗೆ ಮೊದಲು ಹೆಸರಿನ ಮಾತು. ರಕ್ತ ತೆಗೆಯುವವನು ಮಾಡಬಹುದಾದ ತಪ್ಪುಗಳಲ್ಲಿ ಪ್ರಾಣಕ್ಕೆ ಅತಿ ಸಮೀಪವಾದದ್ದು, ಒಬ್ಬರ ರಕ್ತವನ್ನು ಮತ್ತೊಬ್ಬರ ಹೆಸರಿನ ಟ್ಯೂಬಿನಲ್ಲಿ ಹಾಕುವುದು. ನಮ್ಮ ಸೀಮೆಯಲ್ಲಿ ಈ ಅಪಾಯವು ಹೆಚ್ಚು. ಒಂದು ವಾರ್ಡಿನಲ್ಲಿ ಮೂವರು ಬಸವರಾಜರೂ ಇಬ್ಬರು ಮಲ್ಲಪ್ಪಂದಿರೂ ಇರುವುದು ಅಪರೂಪವಲ್ಲ. ತಂದೆಯ ಹೆಸರನ್ನು ಕೇಳಿದರೆ ಅದೂ ಒಂದೇ ಆಗಿರಬಹುದು. ಉತ್ತರದ ಜಿಲ್ಲೆಗಳಲ್ಲಿ ಮದುವೆಯಾದೊಡನೆ ಸೊಸೆಗೆ ಗಂಡನ ಮನೆಯವರು ಬೇರೆ ಹೆಸರಿಡುವ ರೂಢಿ ಬಹುಕಡೆಯಲ್ಲಿ ಉಂಟಷ್ಟೆ. ಅಂಥ ತಾಯಿಯು ಕಾಗದದಲ್ಲಿ ತವರಿನ ಹೆಸರಿನವಳು, ಕರೆದರೆ ಓಗೊಡುವುದು ಗಂಡನ ಮನೆಯ ಹೆಸರಿಗೆ. ಹುಟ್ಟಿದ ದಿನಾಂಕವನ್ನು ಕೇಳಿ ತಿಳಿಯೋಣವೆಂದರೆ, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜೂನ್ 1 ಎಂಬುದೇ ಊರಿನ ಅರ್ಧ ಹಿರಿಯರ ಜನ್ಮದಿನ! ಪಶ್ಚಿಮ ದೇಶಗಳ ಪುಸ್ತಕಗಳು ಹೆಸರು ಮತ್ತು ಜನ್ಮದಿನಗಳೆರಡನ್ನು ಕೇಳಿದರೆ ಸಾಕೆಂದು ಬರೆಯುತ್ತವೆ. ನಮ್ಮಲ್ಲಿ ಅದು ಸಾಲದು. ಹೆಸರಿನ ಸಂಗಡ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿಯೂ, ಒಳರೋಗಿಯಾದರೆ ಕೈಗೆ ಕಟ್ಟಿದ ಪಟ್ಟಿಯಲ್ಲಿಯೂ ಓದಿ ಹೊಂದಿಸಿ ನೋಡತಕ್ಕದ್ದು.

ಕೇಳುವ ರೀತಿಯಲ್ಲಿಯೂ ಒಂದು ಮರ್ಮವಿದೆ. "ನೀವು ಬಸವರಾಜರೇ?" ಎಂದು ಕೇಳಬಾರದು. ನಮ್ಮ ಹಳ್ಳಿಯ ಹಿರಿಯರು ಬಿಳಿಯ ಕೋಟು ಹಾಕಿದವರ ಮುಂದೆ ಮರ್ಯಾದೆಗಾಗಿ "ಹೌದ್ರೀ" ಎಂದುಬಿಡುತ್ತಾರೆ; ಕಿವಿ ಮಂದವಾದವರೂ ಹಾಗೆಯೇ ತಲೆಯಾಡಿಸುತ್ತಾರೆ. "ಯಜಮಾನರೇ, ತಮ್ಮ ಪೂರ್ಣ ಹೆಸರು ಹೇಳಿರಿ" ಎಂದು ಕೇಳಿ, ಅವರ ಬಾಯಿಂದಲೇ ಬರಿಸಬೇಕು. ಎಚ್ಚರ ತಪ್ಪಿದವರಾದರೆ ಸಂಗಡ ಬಂದವರನ್ನು ಕೇಳಬೇಕು, ಕೈಪಟ್ಟಿಯನ್ನು ನೋಡಬೇಕು. ಹಾಸಿಗೆಯ ಸಂಖ್ಯೆಯನ್ನು ಎಂದಿಗೂ ನಂಬಬಾರದು. ಗಾಳಿ ಬರುವ ಕಿಟಕಿಗಾಗಿ ರೋಗಿಗಳು ತಮ್ಮೊಳಗೇ ಹಾಸಿಗೆಗಳನ್ನು ಬದಲಿಸಿಕೊಳ್ಳುತ್ತಾರೆ. ಟ್ಯೂಬಿನ ಮೇಲೆ ಹೆಸರು ಬರೆಯುವುದು ರಕ್ತ ತುಂಬಿದ ಮೇಲೆ, ರೋಗಿಯ ಮಗ್ಗುಲನ್ನು ಬಿಡುವುದಕ್ಕೆ ಮೊದಲು. ಮುಂಚೆಯೇ ಹತ್ತು ಟ್ಯೂಬುಗಳಿಗೆ ಹೆಸರು ಅಂಟಿಸಿ ತಟ್ಟೆಯಲ್ಲಿಟ್ಟುಕೊಂಡು ಹೊರಡುವುದೂ, ಎಲ್ಲರ ರಕ್ತವನ್ನು ತಂದು ಮೇಜಿನ ಮೇಲೆ ನೆನಪಿನಿಂದ ಬರೆಯುವುದೂ ಸಮಾನ ದೋಷಗಳು.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901 ರಲ್ಲಿ ಮನುಷ್ಯರ ರಕ್ತವು ಬೇರೆಬೇರೆ ಗುಂಪಿನದೆಂದು ಪ್ರಕಟಿಸಿದನು. ಅದಕ್ಕಾಗಿ 1930 ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಗುಂಪು ಹೊಂದದ ರಕ್ತವನ್ನು ಏರಿಸಿದರೆ ಹೊಸ ರಕ್ತಕಣಗಳು ನಾಳದೊಳಗೆಯೇ ಒಡೆಯುತ್ತವೆ; ಚಳಿ ನಡುಕ ಹುಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಗಳು ಕೆಡುತ್ತವೆ, ಮರಣವೂ ಸಂಭವಿಸಬಹುದು. ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದರು. ಶಸ್ತ್ರಕ್ರಿಯೆಗೆ ಹೋಗತಕ್ಕವಳ ಹೆಸರಿನ ಟ್ಯೂಬಿಗೆ ಮತ್ತೊಬ್ಬಳ ರಕ್ತವು ಸೇರಿತು. ರಕ್ತನಿಧಿಯಲ್ಲಿದ್ದ ಹೆಂಗಸೊಬ್ಬಳು ಆಕೆಯ ಹಿಂದಿನ ಹೆರಿಗೆಯ ಕಾಗದವನ್ನು ತರಿಸಿ ನೋಡಿ, ಅಂದು ಬಿ ಗುಂಪು ಇಂದು ಎ ಗುಂಪು ಹೇಗಾಯಿತೆಂದು ಕೇಳಿದಳು. ಹೀಗೆ ಅದು ತಪ್ಪಿತು. ಹಳೆಯ ಕಾಗದವಿಲ್ಲದಿದ್ದರೆ ತಪ್ಪುತ್ತಿರಲಿಲ್ಲ. ಆದುದರಿಂದಲೇ ಈಗ ವಿವೇಕವುಳ್ಳ ಆಸ್ಪತ್ರೆಗಳಲ್ಲಿ, ರಕ್ತ ಏರಿಸುವುದಕ್ಕೆ ಮೊದಲು ಬೇರೆ ಹೊತ್ತಿನಲ್ಲಿ ಎರಡನೆಯ ಮಾದರಿಯನ್ನು ತೆಗೆದು ಗುಂಪನ್ನು ಮತ್ತೆ ನೋಡುತ್ತಾರೆ. ಎರಡನೆಯ ಬಾರಿ ಚುಚ್ಚಲು ಬಂದರೆ ಭಕ್ತರು ದಯವಿಟ್ಟು ಬೇಸರಪಡಬಾರದು.

ಹೆಸರು ಸರಿಯಾದ ಬಳಿಕ ಪಥ್ಯದ ಪ್ರಶ್ನೆ. ಸಕ್ಕರೆಯ ಪರೀಕ್ಷೆಗೆ "ಉಪವಾಸವಿದ್ದು ಬನ್ನಿರಿ" ಎಂದು ಹೇಳಿಕಳಿಸುತ್ತೇವೆ. ನಮ್ಮಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿಗಳನ್ನು ಬಿಡುವುದೆಂದೇ ವಾಡಿಕೆ. ಚಹಾ, ಹಾಲು, ಬಾಳೆಹಣ್ಣು, ಸಾಬೂದಾಣಿಯ ಖಿಚಡಿ ಇವಕ್ಕೆ ಅಡ್ಡಿಯಿಲ್ಲ. ಶ್ರಾವಣ ಸೋಮವಾರದ ಉಪವಾಸಿಯೊಬ್ಬರು ಫಲಾಹಾರ ಮಾಡಿ ಬಂದು ಪ್ರಾಮಾಣಿಕವಾಗಿಯೇ "ಉಪವಾಸ ಇದ್ದೇನ್ರಿ" ಎಂದರೆ, ಅವರ ರಕ್ತದ ಸಕ್ಕರೆಯು ಏರಿರುವುದು ಸಹಜ. ಆ ಚೀಟಿಯ ಮೇಲೆ ಔಷಧವು ಹೆಚ್ಚಿದರೆ ಮುಂದೆ ಸಕ್ಕರೆಯು ತೀರ ಇಳಿದು ತಲೆತಿರುಗಿ ಬೀಳಬಹುದು. ಇನ್ನು ಕೆಲವರು ನಿಟ್ಟುಪವಾಸ ಮಾಡಿ ನೀರನ್ನೂ ಮುಟ್ಟದೆ ಬರುತ್ತಾರೆ. ನೀರಿಲ್ಲದೆ ಸಿರೆಯು ಕುಗ್ಗುತ್ತದೆ, ಸಿಗುವುದಿಲ್ಲ. ಚುಚ್ಚಿದಾಗ ಬವಳಿ ಬರುವವರಲ್ಲಿ ಇಂಥವರೂ ಉಂಟು. ಆದುದರಿಂದ ತಂತ್ರಜ್ಞನು ಉಪವಾಸವೆಂಬ ಶಬ್ದವನ್ನೇ ಬಿಟ್ಟು, "ನಿನ್ನೆ ರಾತ್ರಿಯಿಂದ ಬಾಯಿಗೆ ಏನೇನು ಹಾಕಿಕೊಂಡಿರಿ, ಎಷ್ಟು ಹೊತ್ತಿಗೆ?" ಎಂದು ಕೇಳುವುದು ಉತ್ತಮ. ನೀರನ್ನು ಕುಡಿಯಬೇಕು, ಮಿಕ್ಕದ್ದೆಲ್ಲ 8 ತಾಸು ಬೇಡ.

ಈಗ ತೋಳು. ಮೊಣಕೈಯ ಒಳಮಡಿಕೆಯ ನಡುವಿನಲ್ಲಿ ಕಾಣುವ ಸಿರೆಯೇ ಮೊದಲ ಆಯ್ಕೆ. ಅದು ದಪ್ಪವಾಗಿಯೂ ಜರುಗದೆಯೂ ಇರುತ್ತದೆ. ಮೈಯ ಕಡೆಗಿರುವ ಒಳಸಿರೆಯ ಹತ್ತಿರದಲ್ಲಿ ದೊಡ್ಡ ಅಪಧಮನಿಯೂ ನರವೂ ಹಾಯ್ದಿರುವುದರಿಂದ ಅದನ್ನು ಕೊನೆಗೆ ಇಡಬೇಕು. ಕಣ್ಣಿಗಿಂತ ಬೆರಳು ಇಲ್ಲಿ ಹೆಚ್ಚು ನಂಬತಕ್ಕದ್ದು: ಒತ್ತಿದರೆ ಪುಟಿಯುವುದು ಸಿರೆ, ತುಡಿಯುವುದು ಅಪಧಮನಿ, ಗಟ್ಟಿಯಾದ ಹುರಿಯಂತಿರುವುದು ಸ್ನಾಯುವಿನ ತಂತು. ಸಲೈನು ಏರುತ್ತಿರುವ ತೋಳಿನಿಂದ ರಕ್ತ ತೆಗೆದರೆ ಪರೀಕ್ಷೆಯಾಗುವುದು ರಕ್ತವಲ್ಲ, ಸಲೈನು. ಡಯಾಲಿಸಿಸ್‌ಗಾಗಿ ನಾಳ ಜೋಡಿಸಿದ ತೋಳನ್ನು ಮುಟ್ಟಲೇಬಾರದು. ಸ್ತನದ ಶಸ್ತ್ರಕ್ರಿಯೆಯಾದ ತಾಯಂದಿರಲ್ಲಿ ಆ ಕಡೆಯ ತೋಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ಇವನ್ನು ರೋಗಿಯೂ ತಾನಾಗಿ ಹೇಳಬೇಕು.

ಚುಚ್ಚುವ ಸ್ಥಳದಿಂದ ನಾಲ್ಕು ಬೆರಳು ಮೇಲೆ ಪಟ್ಟಿಯನ್ನು ಕಟ್ಟತಕ್ಕದ್ದು. ಅದು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಹೆಚ್ಚು ಹೊತ್ತು ಬಿಗಿದರೆ ರಕ್ತದೊಳಗಿನ ನೀರು ಹೊರಗೆ ಜಿನುಗಿ ಉಳಿದದ್ದು ಮಂದವಾಗುತ್ತದೆ. ಪ್ರೋಟೀನು, ಕ್ಯಾಲ್ಸಿಯಮ್ಮು, ರಕ್ತಕಣಗಳ ಎಣಿಕೆ ಎಲ್ಲವೂ ಸುಳ್ಳೇ ಏರುತ್ತವೆ. "ಮುಷ್ಟಿ ಬಿಗಿಯಿರಿ, ಬಿಡಿರಿ, ಬಿಗಿಯಿರಿ" ಎಂದು ಹತ್ತು ಬಾರಿ ಮಾಡಿಸುವ ಅಭ್ಯಾಸವು ನಮ್ಮಲ್ಲಿ ಬಹಳ. ಹಾಗೆ ಮಾಡಿಸಿದರೆ ತೋಳಿನ ಸ್ನಾಯುಗಳಿಂದ ಪೊಟ್ಯಾಸಿಯಮ್ಮು ರಕ್ತಕ್ಕೆ ಇಳಿಯುತ್ತದೆ. ಪೊಟ್ಯಾಸಿಯಮ್ಮಿನ ಸ್ವಸ್ಥ ಪ್ರಮಾಣವು 3.5 ರಿಂದ 5 ರ ಒಳಗೆ. 6 ದಾಟಿದರೆ ವೈದ್ಯನು ಹೃದಯವು ನಿಂತೀತೆಂದು ಗಾಬರಿಗೊಳ್ಳುತ್ತಾನೆ. ಸುಮ್ಮನೆ ಒಮ್ಮೆ ಮೃದುವಾಗಿ ಮುಷ್ಟಿ ಹಿಡಿದಿದ್ದರೆ ಸಾಕು.

ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡಬೇಕು. ಊದಿ ಆರಿಸಬಾರದು; ಮತ್ತೆ ಬೆರಳಿನಿಂದ ಮುಟ್ಟಿ ನೋಡಬಾರದು. ಹಸಿಯಾಗಿರುವಾಗ ಚುಚ್ಚಿದರೆ ಉರಿಯುತ್ತದೆ, ರಕ್ತಕಣಗಳೂ ಒಡೆಯಬಹುದು. ಸೂಜಿಯ ಓರೆಬಾಯಿ ಮೇಲ್ಮುಖವಾಗಿ, 30 ಅಂಶಕ್ಕಿಂತ ಮೀರದ ಕೋನದಲ್ಲಿ ಒಳಹೊಗಬೇಕು. ರಕ್ತ ಬರತೊಡಗಿದೊಡನೆ ಪಟ್ಟಿಯನ್ನು ಸಡಿಲಿಸಬೇಕು. ಸೂಜಿಯನ್ನು ಕೀಳುವುದಕ್ಕೆ ಮೊದಲಂತೂ ಅದು ಬಿಚ್ಚಿರಲೇಬೇಕು. ರೋಗಿಯು ಮಿಂಚು ಹೊಡೆದಂತಾಯಿತು, ಬೆರಳು ಜುಮ್ಮೆಂದಿತು ಎಂದರೆ ನರಕ್ಕೆ ತಗಲಿತೆಂದು ತಿಳಿದು ಕೂಡಲೇ ಹೊರತೆಗೆಯಬೇಕು. ಎರಡು ಬಾರಿ ಯತ್ನಿಸಿ ಸಿಗದಿದ್ದರೆ ಮತ್ತೊಬ್ಬರನ್ನು ಕರೆಯುವುದು ಅವಮಾನವಲ್ಲ. ಮೂರನೆಯ ಬಾರಿಯ ಚುಚ್ಚುವಿಕೆಯು ಸಾಮಾನ್ಯವಾಗಿ ರೋಗಿಯ ಹಿತಕ್ಕಲ್ಲ, ಚುಚ್ಚುವವನ ಹಟಕ್ಕೆ.

ಮುಗಿದ ಮೇಲೆ ಹತ್ತಿಯನ್ನಿಟ್ಟು ಮೊಣಕೈಯನ್ನು ಮಡಚಿ ಕೂರಿಸುವುದು ಎಲ್ಲ ಕಡೆಯಲ್ಲಿಯೂ ಕಂಡುಬರುವ ಪದ್ಧತಿ. ಇದು ಸರಿಯಲ್ಲ. ಮಡಚಿದರೆ ರಂಧ್ರದ ಮೇಲೆ ಒತ್ತಡವು ಸರಿಯಾಗಿ ಬೀಳುವುದಿಲ್ಲ. ರಕ್ತವು ಚರ್ಮದ ಕೆಳಗೆ ಹರಡಿ ಮರುದಿನ ನೇರಳೆ ಬಣ್ಣದ ಕಲೆಯಾಗಿ ಕಾಣುತ್ತದೆ. ತೋಳನ್ನು ನೀಡಿಕೊಂಡು ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗಲು ಮಾತ್ರೆ ನುಂಗುವವರು ಇನ್ನೂ ಹೆಚ್ಚು ಹೊತ್ತು ಒತ್ತತಕ್ಕದ್ದು.

ಟ್ಯೂಬುಗಳ ಮುಚ್ಚಳಗಳ ಬಣ್ಣವನ್ನು ಅಲಂಕಾರಕ್ಕೆಂದು ಮಾಡಿಲ್ಲ. ತಿಳಿನೀಲಿಯಲ್ಲಿ ಸಿಟ್ರೇಟು, ನೇರಳೆಯಲ್ಲಿ ಇಡಿಟಿಎ, ಹಸಿರಿನಲ್ಲಿ ಹೆಪಾರಿನ್, ಬೂದಿಬಣ್ಣದಲ್ಲಿ ಫ್ಲೋರೈಡು. ಕೆಂಪು ಹಳದಿಗಳಲ್ಲಿ ರಕ್ತವು ಹೆಪ್ಪುಗಟ್ಟಲೆಂದೇ ಬಿಡುತ್ತಾರೆ. ತುಂಬುವ ಕ್ರಮವೂ ಗೊತ್ತಾಗಿದೆ: ರೋಗಾಣುಗಳನ್ನು ಬೆಳೆಸಿ ನೋಡುವ ಬಾಟಲಿಯು ಮೊದಲು, ಆಮೇಲೆ ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದಿ. ನೇರಳೆ ಟ್ಯೂಬಿನ ಇಡಿಟಿಎಯು ಪೊಟ್ಯಾಸಿಯಮ್ಮಿನ ಲವಣ. ಅದು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಅದರ ಒಂದು ಹನಿ ಕೆಂಪು ಟ್ಯೂಬಿಗೆ ದಾಟಿದರೂ ಪೊಟ್ಯಾಸಿಯಮ್ಮು ಏರಿದಂತೆಯೂ ಕ್ಯಾಲ್ಸಿಯಮ್ಮು ಕುಸಿದಂತೆಯೂ ಯಂತ್ರವು ಬರೆದುಕೊಡುತ್ತದೆ. ಕೆಂಪಿನಲ್ಲಿ ಸ್ವಲ್ಪ ಕಡಿಮೆಯಾಯಿತೆಂದು ನೇರಳೆಯಿಂದ ಸುರಿದು ಸರಿಮಾಡುವ ಜಾಣರನ್ನು ನಾನು ಬಲ್ಲೆನು; ಹಾಲಿಗೆ ನೀರು ಬೆರೆಸುವವನೂ ಇದಕ್ಕಿಂತ ಮೇಲು, ಅವನ ಹಾಲಿನಿಂದ ಯಾರಿಗೂ ತಪ್ಪು ಔಷಧ ಬೀಳುವುದಿಲ್ಲ. ತಿಳಿನೀಲಿ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತವೆಂಬ ಲೆಕ್ಕವಿರುವುದರಿಂದ ಅದು ಗುರುತಿನವರೆಗೆ ತುಂಬಿರಬೇಕು. ಔಷಧ ಬೆರೆಯಲೆಂದು ಟ್ಯೂಬನ್ನು ಮೆಲ್ಲಗೆ ಮೇಲೆಕೆಳಗೆ ತಿರುಗಿಸಬೇಕು, ಕುಲುಕಬಾರದು. ಕೆಂಪು ರಕ್ತಕಣದೊಳಗೆ ಹೊರಗಿನದಕ್ಕಿಂತ 20 ಪಟ್ಟಿಗೂ ಹೆಚ್ಚು ಪೊಟ್ಯಾಸಿಯಮ್ಮು ಇರುವುದು. ಕುಲುಕಿದಾಗಲೂ, ಸಿರಿಂಜಿನಿಂದ ಸೂಜಿಯ ಮೂಲಕ ಜೋರಾಗಿ ನೂಕಿದಾಗಲೂ ಕಣಗಳು ಒಡೆದು ಅದೆಲ್ಲ ಹೊರಗೆ ಬೀಳುತ್ತದೆ.

"ಇಷ್ಟೊಂದು ಬಾಟ್ಲಿ ರಕ್ತ ತೆಗೆದರೆ ಮೈಯಲ್ಲಿ ಉಳಿಯುವುದೇನು?" ಎಂದು ತಾಯಂದಿರು ಕೇಳುತ್ತಾರೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರು ರಕ್ತವಿದೆ; 3 ಮಿಲಿಲೀಟರಿನ ಐದು ಟ್ಯೂಬುಗಳೆಂದರೆ ಮೂರು ಚಹಾ ಚಮಚೆಯಷ್ಟು. ಭಯಕ್ಕೆ ಕಾರಣವಿಲ್ಲ. ಕೂಸುಗಳ ಮಾತು ಬೇರೆ. 3 ಕಿಲೋ ತೂಗುವ ಕೂಸಿನ ಮೈಯಲ್ಲಿರುವುದು ಕಾಲು ಲೀಟರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು 2010 ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ಮಕ್ಕಳಲ್ಲಿ ಒಂದು ದಿನಕ್ಕೆ ಒಟ್ಟು ರಕ್ತದ ನೂರಕ್ಕೆ 1 ರಿಂದ 5 ರಷ್ಟನ್ನು ಮೀರಬಾರದೆಂದು ಎಚ್ಚರಿಸಿದೆ. ಆದುದರಿಂದ ಕೂಸಿನ ವಿಷಯದಲ್ಲಿ ಅಜ್ಜಿಯರು ಜಗಳ ತೆಗೆದರೆ ನಾನು ಅಜ್ಜಿಯರ ಪಕ್ಷ.

ಇನ್ನು ಸೂಜಿ ಹಿಡಿಯುವ ಮಕ್ಕಳ ಪ್ರಾಣದ ಸಂಗತಿ. ಬಳಸಿದ ಸೂಜಿಯು ಚುಚ್ಚಿದಾಗ, ಆ ರೋಗಿಯಲ್ಲಿ ಎಚ್‌ಐವಿ ಇದ್ದರೆ ಸೋಂಕು ತಗಲುವ ಸಂಭವವು ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಬಿ ಇದ್ದು ಚುಚ್ಚಿಸಿಕೊಂಡವನು ಲಸಿಕೆ ಹಾಕಿಸಿಕೊಂಡಿರದಿದ್ದರೆ ನೂರಕ್ಕೆ 6 ರಿಂದ 30. ಜನರು ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಮರೆಯುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಸೂಜಿಗಳು ಮುಗಿಯದೆ ಯಾವ ವಿದ್ಯಾರ್ಥಿಯೂ ವಾರ್ಡಿಗೆ ಇಳಿಯಬಾರದು. ಇದನ್ನು ತಂದೆತಾಯಂದಿರೂ ನಿಲಯದ ಮೇಲ್ವಿಚಾರಕರೂ ಗಮನಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ. ಬಳಸಿದ ಸೂಜಿಗೆ ಮತ್ತೆ ಟೊಪ್ಪಿಗೆ ಹಾಕಲು ಹೋಗಬಾರದು. ಬಹಳ ಚುಚ್ಚುವಿಕೆಗಳು ಆಗುವುದು ಅಲ್ಲಿಯೇ. 2016 ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಜಿಯು ಚುಚ್ಚಿ ಹೊರಬರಲಾರದ ಬಿಳಿಯ ಡಬ್ಬಿಗೆ, ಸೂಜಿಯಿಲ್ಲದ ಸಿರಿಂಜೂ ಕೈಗವಸೂ ಕೆಂಪು ಚೀಲಕ್ಕೆ, ರಕ್ತದ ಹತ್ತಿಯು ಹಳದಿ ಚೀಲಕ್ಕೆ ಹೋಗಬೇಕು. ಡಬ್ಬಿಯು ಕೈಯಳತೆಯಲ್ಲಿರಲಿ, ಸೂಜಿಯನ್ನು ಹಿಡಿದುಕೊಂಡು ಕೋಣೆ ದಾಟುವಂತಿರಬಾರದು. ಹಾಗೂ ಚುಚ್ಚಿತೆಂದರೆ ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು. ಸಾಬೂನು ನೀರಿನಿಂದ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧವನ್ನು 2 ತಾಸಿನೊಳಗೆ ಆರಂಭಿಸುವುದು ಅತ್ಯುತ್ತಮ, 72 ತಾಸು ಮೀರಿದರೆ ಪ್ರಯೋಜನವಿಲ್ಲ. 28 ದಿನ ನುಂಗಬೇಕು. ಬೈದಾರೆಂಬ ಅಂಜಿಕೆಯಿಂದ ಎಳೆಯರು ಇದನ್ನು ಮುಚ್ಚಿಡುತ್ತಾರೆ. ಬೈಯುವ ಹಿರಿಯರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ರೋಗಿಗೂ ಸೂಜಿಯಿಂದ ಭಯವುಂಟು. 2009 ರಲ್ಲಿ ಗುಜರಾತದ ಮೋಡಾಸಾದಲ್ಲಿ, ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಅನೇಕರು ಸತ್ತರು. ಹೊಸ ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರಿಗೇ ಒಡೆಯಿರೆಂದು ಕೇಳುವ ಅಧಿಕಾರವು ಪ್ರತಿಯೊಬ್ಬರಿಗೂ ಇದೆ. ಕೇಳಿದರೆ ತಂತ್ರಜ್ಞನು ಸಿಟ್ಟಾಗಬಾರದು, ಕೇಳದಿದ್ದರೂ ತೋರಿಸಿ ಒಡೆಯಬೇಕು.

ಕೊನೆಗೆ ನಮ್ಮ ಶಿಬಿರದ ಬಗ್ಗೆ ಎರಡು ಮಾತು. ಜಾತ್ರೆಯ ಜನದಟ್ಟಣೆಯಲ್ಲಿ ನಿಂತವರ ತೋಳಿನಿಂದ ರಕ್ತ ತೆಗೆಯುವುದನ್ನು ನಾನು ಕಂಡಿದ್ದೇನೆ. ಬವಳಿ ಬಂದರೆ ತಲೆಯು ಕಲ್ಲಿಗೆ ತಾಗುತ್ತದೆ. ಕೈಯಿರುವ ಕುರ್ಚಿಗಳೂ, ಮಲಗಿಸಲು ಎರಡು ಮಂಚಗಳೂ, ನೆರಳೂ ಬೇಕು. ತೆಗೆದ ರಕ್ತವು ಬಿಸಿಲಿನಲ್ಲಿ ಕಾಯಬಾರದು. ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ತಾಸಿಗೆ ನೂರಕ್ಕೆ 5 ರಿಂದ 7 ರಷ್ಟು ಇಳಿಯುತ್ತದೆ, ಬೂದಿಬಣ್ಣದ ಟ್ಯೂಬಿನ ಫ್ಲೋರೈಡು ಕೂಡ ಮೊದಲ ತಾಸಿನಲ್ಲಿ ಇದನ್ನು ಪೂರ್ಣ ತಡೆಯಲಾರದು. ಬೆಳಿಗ್ಗೆ ತೆಗೆದು ಸಂಜೆಯ ಬಸ್ಸಿಗೆ ಪಟ್ಟಣಕ್ಕೆ ಕಳಿಸಿದರೆ, ಸಕ್ಕರೆ ಕಾಯಿಲೆ ಇದ್ದವನಿಗೂ ಇಲ್ಲವೆಂಬ ಚೀಟಿ ಬಂದೀತು. ಆದುದರಿಂದ ತಾಸಿಗೊಮ್ಮೆ ರಕ್ತವನ್ನು ತಂಪು ಪೆಟ್ಟಿಗೆಯಲ್ಲಿ ಒಯ್ಯಲು ಒಂದು ಗಾಡಿಯನ್ನೂ, ಇಲ್ಲವೆ ಇಲ್ಲಿಯೇ ರಕ್ತವನ್ನು ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್ ಯಂತ್ರವನ್ನೂ ಏರ್ಪಡಿಸಬೇಕೆಂದು ಮಹೋತ್ಸವ ಸಮಿತಿಯವರಲ್ಲಿ ನನ್ನ ಅರಿಕೆ. ಎರಡರಲ್ಲಿ ಒಂದೂ ಸಾಧ್ಯವಾಗದಿದ್ದರೆ ಅಂದು ರಕ್ತವನ್ನು ತೆಗೆಯುವುದು ಬೇಡ. ರಕ್ತದೊತ್ತಡವನ್ನು ಮಾತ್ರ ನೋಡಿ, ಬೆರಳ ತುದಿಯ ಹನಿಯಿಂದ ಸಕ್ಕರೆಯನ್ನು ಅಲ್ಲಿಯೇ ಅಳೆದು, ಸಂಶಯವಿದ್ದವರನ್ನು ತಾಲೂಕು ಆಸ್ಪತ್ರೆಗೆ ಕಳಿಸೋಣ. ಹೆಸರು ಬರೆದುಕೊಳ್ಳುವ ಮೇಜಿನ ಬಳಿ ಊರಿನ ಜನರನ್ನು ಬಲ್ಲ, ಅಕ್ಷರ ಸ್ಪಷ್ಟವಾಗಿರುವ ಇಬ್ಬರನ್ನು ಕೂರಿಸುವುದಾಗಿ ಶ್ರೀಮಠದ ಕಾರ್ಯದರ್ಶಿಗಳು ಆಗಲೇ ಒಪ್ಪಿರುವರು. ಬರುವಾಗ ತಾವು ಆಧಾರ್ ಚೀಟಿಯನ್ನೂ, ನುಂಗುತ್ತಿರುವ ಮಾತ್ರೆಗಳನ್ನೂ, ಹಳೆಯ ಕಾಗದಗಳಿದ್ದರೆ ಅವನ್ನೂ ತರತಕ್ಕದ್ದು. ಬೆಳಿಗ್ಗೆ ನೀರು ಕುಡಿದು ಬನ್ನಿರಿ.